ಮೊದಲು ಟೇಪು, ಆಮೇಲೆ ಟಿಕೆಟ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆಯವರೆಗೂ ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿರುತ್ತದೆ. ಊರಿನ ಅರ್ಧ ಹೆಂಗಸರ ತೋಳಿನ ಅಳತೆ ನನಗೆ ಬಾಯಿಪಾಠ. ಅಂಥ ನಾನು ನನ್ನ ಸ್ವಂತ ಮಗನ ಎತ್ತರ ಅಳೆಯದೆ ಅವನನ್ನು ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋದೆ.

ಎರಡು ವರ್ಷದ ಹಿಂದಿನ ಮಾತು. ದೊಡ್ಡವನಿಗೆ ಏಳು, ಚಿಕ್ಕವಳಿಗೆ ಮೂರೂವರೆ. ನೆಂಟರ ಮನೆಗೆ ಹೋಗಿದ್ದೆವು. ಅಲ್ಲೇ ಹತ್ತಿರ ಒಂದು ಪಾರ್ಕ್ ಇತ್ತು. ಹೆಸರು ಬೇಡ, ತಪ್ಪು ಅವರದ್ದಲ್ಲ. ಮಗ ಮೊಬೈಲಿನಲ್ಲಿ ನೋಡಿ ನೋಡಿ ಒಂದೇ ಆಟಕ್ಕೆ ಮನಸ್ಸು ಕೊಟ್ಟಿದ್ದ, ರೋಲರ್ ಕೋಸ್ಟರ್. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಸಾಲು ನಿಂತೆವು. ನಮ್ಮ ಸರದಿ ಬಂದಾಗ ಗೇಟಿನ ಹುಡುಗ ಪಕ್ಕದ ಕಂಬ ತೋರಿಸಿದ. ಕಂಬದ ಮೇಲೆ 120 ಸೆಂ.ಮೀ. ಗೆರೆ. ನನ್ನ ಮಗನ ತಲೆ ಅದಕ್ಕಿಂತ ಎರಡು ಬೆರಳು ಕೆಳಗೆ. ಅವನು ಹಿಮ್ಮಡಿ ಎತ್ತಿ ನಿಂತ. ಹುಡುಗ ನಗುತ್ತಾ ಮೆತ್ತಗೆ ಭುಜ ಒತ್ತಿದ. ಹಿಮ್ಮಡಿ ಕೆಳಗೆ ಬಂತು. ಆಮೇಲೆ ನಾವು ಅದೇ ಸಾಲಿನಲ್ಲಿ, ಹಿಂದೆ ನಿಂತ ಅಷ್ಟೂ ಜನರನ್ನು ಸರಿಸಿಕೊಂಡು ವಾಪಸ್ ಬರಬೇಕಾಯಿತು. ಎಲ್ಲರೂ ನೋಡುತ್ತಿದ್ದರು. ಅವನು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆ ದಿನವಿಡೀ ಯಾವ ಆಟಕ್ಕೂ ಹತ್ತಲಿಲ್ಲ.

ಇದೇ ‘ಆಗುವುದಿಲ್ಲ’ವನ್ನು ಮನೆಯಲ್ಲೇ ಕೇಳಿದ್ದರೆ ಐದು ನಿಮಿಷ ಮುಖ ಊದಿಸಿಕೊಂಡು ಮರೆಯುತ್ತಿದ್ದ. ಮರುವರ್ಷ ಮತ್ತೆ ಹೊರಟಾಗ ಎಲ್ಲ ಲೆಕ್ಕ ಮನೆಯಲ್ಲೇ ಮುಗಿಸಿ ಹೊರಟೆ. ಅಂಗಡಿಗೆ ಬರುವ ತಾಯಂದಿರು ಕೇಳುತ್ತಿರುತ್ತಾರೆ, ‘ನೀವು ಹೋಗಿದ್ದಿರಂತೆ, ಮಕ್ಕಳನ್ನು ಹೇಗೆ ಸುಧಾರಿಸಿದಿರಿ’ ಅಂತ. ಒಬ್ಬೊಬ್ಬರಿಗೇ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಬಾಗಿಲ ಚೌಕಟ್ಟಿನ ಮೇಲೆ ಗೆರೆ

ಮಗುವನ್ನು ಸಂಜೆ ಅಳೆಯಿರಿ, ಬೆಳಿಗ್ಗೆ ಬೇಡ. ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸ್ವಲ್ಪ ಒತ್ತಿಕೊಳ್ಳುತ್ತವೆ. ಬೆಳಗಿನ ಎತ್ತರಕ್ಕೂ ಸಂಜೆಯ ಎತ್ತರಕ್ಕೂ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಬರಬಹುದು. ಗೆರೆಯ ಹತ್ತಿರ ಇರುವ ಮಗುವಿಗೆ ಆ ಒಂದು ಸೆಂಟಿಮೀಟರೇ ದೊಡ್ಡದು. ಬರಿಗಾಲಲ್ಲಿ ನಿಲ್ಲಿಸಿ. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಮೂರೂ ಚೌಕಟ್ಟಿಗೆ ತಾಗಬೇಕು. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹೆಣ್ಣುಮಕ್ಕಳ ಜುಟ್ಟು ಬಿಚ್ಚಿ. ನಮ್ಮ ಚಿಕ್ಕವಳು ಜುಟ್ಟಿನ ಲೆಕ್ಕದಲ್ಲಿ ನಾಲ್ಕು ಸೆಂಟಿಮೀಟರ್ ಹೊಡೆದುಕೊಳ್ಳಲು ನೋಡಿದ್ದಳು.

ಆಮೇಲೆ ಪಾರ್ಕ್‌ನ ವೆಬ್‌ಸೈಟ್ ನೋಡಿ, ಇಲ್ಲವಾದರೆ ಫೋನ್ ಮಾಡಿ. ಯಾವ ಆಟಕ್ಕೆ ಎಷ್ಟು ಎತ್ತರ ಬೇಕು ಎಂದು ಕೇಳಿ ಬರೆದುಕೊಳ್ಳಿ. ಪಾರ್ಕ್‌ನಿಂದ ಪಾರ್ಕ್‌ಗೆ ನಿಯಮ ಬೇರೆ. ಹಲವು ಕಡೆ ಟಿಕೆಟ್ ಕೂಡ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಗಿಡ್ಡ ಮಕ್ಕಳಿಗೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಟಿಕೆಟ್. ವಯಸ್ಸು ಕಡಿಮೆ ಹೇಳಿ ಬಸ್ಸಿನಲ್ಲಿ ದಾಟುವ ನಮ್ಮ ಹಳೇ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಆ ಅಂಕಿಗಳನ್ನೂ ಚೌಕಟ್ಟಿನ ಮೇಲೆ ಗುರುತು ಮಾಡಿ. ಮಗುವೇ ಹೋಗಿ ನಿಂತು ನೋಡಲಿ. ‘ಈ ಗೆರೆ ದಾಟಿದ್ದೀಯಾ, ಹಾಗಾಗಿ ಇದು ನಿನ್ನ ಆಟ. ಆ ಗೆರೆ ಇನ್ನೂ ಮೇಲೆ ಇದೆ, ಅದು ಮುಂದಿನ ವರ್ಷದ್ದು.’ ಇಷ್ಟೇ ಮಾತು. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ನಾನು ಅಂಗಡಿಯಿಂದ ಒಂದು ದೊಡ್ಡವರ ಬ್ಲೌಸ್ ತಂದು ಮಗಳಿಗೆ ಹಾಕಿದೆ. ಭುಜ ಜಾರಿ ಸೊಂಟಕ್ಕೆ ಬಂತು. ‘ಆ ಸೀಟಿನ ಪಟ್ಟಿಯೂ ಹೀಗೆಯೇ, ದೊಡ್ಡವರ ಮೈಗೆ ಹೊಲಿದದ್ದು. ನೀನು ಅಡಿಯಿಂದ ಜಾರಿಬಿಡುತ್ತೀಯಾ’ ಎಂದೆ. ಅವಳಿಗೆ ಅರ್ಥವಾಯಿತು. ಅಣ್ಣನಿಗೂ ಅವಳೇ ವಿವರಿಸಿದಳು.

ಎಲ್ಲಿಗೆ, ಯಾವಾಗ

ಮೊದಲ ಸಲ ದೂರದ ದೊಡ್ಡ ಪಾರ್ಕ್ ಬೇಡ, ಇದು ನನ್ನ ಖಂಡಿತ ಅಭಿಪ್ರಾಯ. ಕೊಚ್ಚಿಯ ವಂಡರ್‌ಲಾ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದದ್ದು, ಬಿಡದಿಯದ್ದು 2005ರದ್ದು. ಎರಡೂ ಚೆಂದ. ಆದರೆ ಕಾಸರಗೋಡಿನಿಂದ ಎರಡು ಕಡೆಗೂ ರಾತ್ರಿಯಿಡೀ ಪ್ರಯಾಣ. ನಾಲ್ಕು ವರ್ಷದ ಮಗು ನಿದ್ದೆಗೆಟ್ಟು ಗೇಟಿನ ಹತ್ತಿರ ತಲುಪುವಾಗಲೇ ಅರ್ಧ ಜೀವವಾಗಿರುತ್ತದೆ. ಇನ್ನು ಆಟ ಎಲ್ಲಿಂದ?

ನಮಗೆ ಹತ್ತಿರ ಆಗುವುದು ಕಣ್ಣೂರು ಜಿಲ್ಲೆಯ ಪರಶಿನಿಕಡವಿನ ವಿಸ್ಮಯ. ಸಹಕಾರಿ ಸಂಘವೊಂದು 2008ರಲ್ಲಿ ಶುರು ಮಾಡಿದ ವಾಟರ್ ಪಾರ್ಕ್. ಮಳೆನೀರು ಹಿಡಿದಿಟ್ಟು ಬಳಸುತ್ತಾರೆ. ನಾವು ಎರಡನೇ ಸಲ ಹೋದದ್ದು ಅಲ್ಲಿಗೆ. ಮಂಜೇಶ್ವರ, ಉಪ್ಪಳ ಕಡೆಯವರಿಗೆ ಮಂಗಳೂರಿನ ಪಿಲಿಕುಳ ನಿಸರ್ಗಧಾಮ ಇನ್ನೂ ಹತ್ತಿರ. ಮೂರು ವರ್ಷದ ಒಳಗಿನ ಮಗುವಾದರೆ ಪಿಲಿಕುಳದ ಪ್ರಾಣಿಗಳನ್ನು ತೋರಿಸಿ ಬನ್ನಿ, ಥೀಮ್ ಪಾರ್ಕ್ ಎರಡು ವರ್ಷ ಕಾಯಲಿ. ಆ ವಯಸ್ಸಿಗೆ ಹುಲಿಯೂ ಒಂದೇ, ಪಕ್ಕದಲ್ಲಿ ಹರಿಯುವ ಇರುವೆಸಾಲೂ ಒಂದೇ.

ಪರಶಿನಿಗೆ ರೈಲಿನಲ್ಲಿ ಹೋದರೆ ಕಾಸರಗೋಡಿನಿಂದ ಕಣ್ಣೂರು 86 ಕಿ.ಮೀ. ಅಲ್ಲಿಂದ ಬಸ್ಸು. ಐದು ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ, ಐದರಿಂದ ಹನ್ನೆರಡರ ಒಳಗಿನವರಿಗೆ ಜನರಲ್ ಬೋಗಿಯಲ್ಲಿ ಅರ್ಧ ಟಿಕೆಟ್. ಬಸ್ಸಿನಲ್ಲೇ ಹೋಗುವುದಾದರೆ ತಳಿಪರಂಬ ದಾರಿಯ ಬಸ್ಸಾ ಎಂದು ಕೇಳಿ ಹತ್ತಿ, ಧರ್ಮಶಾಲಾದಲ್ಲಿ ಇಳಿಯಿರಿ. ಕೆಲವು ಬಸ್ಸುಗಳು ಪಿಲಾತ್ತರದಲ್ಲಿ ತಿರುಗಿ ಪಳಯಂಗಾಡಿ ದಾರಿ ಹಿಡಿಯುತ್ತವೆ, ಅವುಗಳಿಗೆ ಧರ್ಮಶಾಲಾ ಸಿಗುವುದಿಲ್ಲ. ನನಗೆ ರೈಲೇ ಇಷ್ಟ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕಳನಾಡಿನ ಸುರಂಗ ಬರುತ್ತದಲ್ಲ, ಅಲ್ಲಿ ಮಕ್ಕಳ ಮುಖ ನೋಡಿ. ಕತ್ತಲಾದಾಗ ಕೂಗಿ ಕೇಕೆ ಹಾಕುವ ಮಗು, ಮಡಿಲಿಗೆ ಮುಖ ಒತ್ತುವ ಮಗು. ಅಂದಿನ ದಿನಕ್ಕೆ ಒಂದು ಅಂದಾಜು ಅಲ್ಲೇ ಸಿಕ್ಕಿಬಿಡುತ್ತದೆ.

ದಿನದ ವಿಷಯ. ನಮ್ಮ ಮಕ್ಕಳ ರಜೆ ಕೇರಳದ ಲೆಕ್ಕದಲ್ಲಿ ಬರುತ್ತದೆ. ಪುತ್ತೂರಿನ ಭಾವನ ಮಕ್ಕಳಿಗೆ ದಸರಾ ರಜೆ ಇರುವಾಗ ನಮ್ಮವು ಶಾಲೆಯಲ್ಲಿರುತ್ತವೆ. ನಮ್ಮವಕ್ಕೆ ಓಣಂ ರಜೆ ಬಂದಾಗ ಅವು ಶಾಲೆಯಲ್ಲಿರುತ್ತವೆ. ಒಟ್ಟಿಗೆ ಹೋಗೋಣ ಎಂದುಕೊಂಡೇ ಮೂರು ವರ್ಷ ಕಳೆಯಿತು. ಓಣಂ, ಕ್ರಿಸ್ಮಸ್, ಪೆರ್ನಾಳಿನ (ಈದ್) ಮರುದಿನ, ಎಲ್ಲ ಭಾನುವಾರ, ಇವನ್ನು ಬಿಟ್ಟುಬಿಡಿ. ಏಪ್ರಿಲ್ ಮೇ ಬಿಸಿಲು ದೊಡ್ಡವರಿಗೇ ಸಾಕಾಗುತ್ತದೆ. ತುಲಾ ತಿಂಗಳಲ್ಲಿ (ಅಕ್ಟೋಬರ್ ನವೆಂಬರ್) ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ಸಿಡಿಲಿದ್ದರೆ ಆಟಗಳನ್ನು ನಿಲ್ಲಿಸುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು. ಹಾಗಾದರೆ ಯಾವಾಗ ಎನ್ನುತ್ತೀರಾ? ನಾನು ಫೆಬ್ರವರಿಯ ಒಂದು ಬುಧವಾರ ಟೀಚರಿಗೆ ನಿಜ ಹೇಳಿಯೇ ರಜೆ ಹಾಕಿಸಿದೆ. ಜ್ವರ ಎಂದು ಬರೆದರೆ ಮರುದಿನ ಮಕ್ಕಳೇ ತರಗತಿಯಲ್ಲಿ ಬಾಯಿ ಬಿಡುತ್ತವೆ.

ಜಾತ್ರೆಯಲ್ಲಿ ಒಂದು ತಾಲೀಮು

ಹೋಗುವ ಒಂದೆರಡು ತಿಂಗಳು ಮೊದಲು ಕುಂಬಳೆ ಬೆಡಿಗೋ (ಜಾತ್ರೆಯ ಸಿಡಿಮದ್ದು) ಹತ್ತಿರದ ಯಾವುದಾದರೂ ಜಾತ್ರೆಗೋ ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಡಿಯ ಸದ್ದಿಗೆ ಕಿವಿ ಮುಚ್ಚುವ ಮಗುವಿಗೆ ಪಾರ್ಕ್‌ನ ಸ್ಪೀಕರುಗಳೂ ಕಷ್ಟವೇ. ತಿರುಗುವ ತೊಟ್ಟಿಲು (ಜಾಯಿಂಟ್ ವ್ಹೀಲ್) ಬಂದಿದ್ದರೆ ಚಿಕ್ಕದರಲ್ಲಿ ಒಂದು ಸುತ್ತು ಕೂರಿಸಿ. ಇಳಿದ ಮೇಲೆ ‘ಇನ್ನೊಂದು ಸಲ’ ಎಂದರೆ ಸರಿ. ಸುಮ್ಮನಿದ್ದರೆ ಒತ್ತಾಯ ಬೇಡ. ವಾಂತಿಯಾದರೆ ಪಾರ್ಕ್‌ನಲ್ಲಿ ತಿರುಗುವ ಆಟಗಳಿಗೆ ಹತ್ತಿಸಲೇಬೇಡಿ. ಇಪ್ಪತ್ತೋ ಮೂವತ್ತೋ ರೂಪಾಯಿಗೆ ಇಷ್ಟು ತಿಳಿಯುತ್ತದೆ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ನಮ್ಮ ಮಕ್ಕಳು ಕೋಲ, ತೆಯ್ಯಂ ನೋಡಿ ಬೆಳೆದವು. ರಾತ್ರಿ ಎರಡು ಗಂಟೆಗೆ ಬೆಂಕಿ, ಬೆನ್ನಿಗೆ ಕಟ್ಟುವ ದೊಡ್ಡ ಅಣಿ, ಚೆಂಡೆ ಎಲ್ಲದರ ಮುಂದೆ ನನ್ನ ಮಗಳು ಕಣ್ಣು ಮಿಟುಕಿಸದೆ ಕೂರುತ್ತಾಳೆ. ಅದೇ ಮಗು ಪಾರ್ಕ್‌ನಲ್ಲಿ ಕೈಕುಲುಕಲು ಬಂದ ಕರಡಿ ವೇಷ ನೋಡಿ ಕಿರುಚಿ ನನ್ನ ಸೊಂಟ ಹತ್ತಿದಳು. ‘ಅದು ನಗುತ್ತಲೇ ಇದೆ ಅಮ್ಮಾ, ಬಾಯಿ ಮುಚ್ಚುವುದೇ ಇಲ್ಲ’ ಎಂದಳು. ಸರಿಯೇ ಅಲ್ವಾ? ಫೋಟೋಗಾಗಿ ಆ ಕರಡಿಯ ಕೈಗೆ ಮಗುವನ್ನು ಕೊಡಬೇಡಿ.

ಬಟ್ಟೆ: ಇಲ್ಲಿ ನನ್ನ ಮಾತು ಸ್ವಲ್ಪ ಜಾಸ್ತಿ

ನೀರಿನ ಆಟಕ್ಕೆ ನೈಲಾನ್ ಬಟ್ಟೆಯೇ ಬೇಕು, ಕಾಟನ್ ಬಿಡುವುದಿಲ್ಲ ಎನ್ನುತ್ತಾರೆ. ಗೇಟಿನ ಹತ್ತಿರ ಜನ ಇದಕ್ಕೇ ಜಗಳವಾಡುತ್ತಾರೆ, ಅವರ ಅಂಗಡಿಯ ಬಟ್ಟೆ ಮಾರಲು ಮಾಡಿದ ಉಪಾಯ ಅಂತ. ಹಾಗಲ್ಲ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಗೆ ಅಂಟಿಕೊಳ್ಳುತ್ತದೆ. ಮಗು ನಡುವಿನಲ್ಲೇ ನಿಂತರೆ ಹಿಂದಿನಿಂದ ಬರುವವರು ಬಂದು ಗುದ್ದುತ್ತಾರೆ. ಕಾಟನ್‌ನ ನೂಲು, ಜುಂಗು ಉದುರಿ ನೀರು ಸೋಸುವ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಲೋಹದ ಜಿಪ್ಪು, ಗುಂಡಿ, ಹುಕ್ಕು ಜಾರುಬಂಡೆಯ ಫೈಬರನ್ನು ಗೀರುತ್ತವೆ, ಆ ಗೀರು ಮುಂದಿನ ಮಗುವಿನ ಚರ್ಮ ಕೀಳುತ್ತದೆ.

ರೆಡಿಮೇಡ್ ಸಿಗುತ್ತದೆ, ಬಾಡಿಗೆಗೂ ಸಿಗುತ್ತದೆ. ಮನೆಯಲ್ಲಿ ಹೊಲಿಯುವವರಿಗೆ ಎರಡು ಮಾತು. ನೈಲಾನ್ ಲೈಕ್ರಾ ತೆಗೆದುಕೊಳ್ಳಿ. ಮಾಮೂಲಿ ಸೂಜಿ ಎಳೆಯನ್ನು ಕತ್ತರಿಸಿ ತೂತು ಮಾಡುತ್ತದೆ. ಬಾಲ್ ಪಾಯಿಂಟ್ ಸೂಜಿ ಹಾಕಿ, ಅದು ಎಳೆಗಳ ನಡುವೆ ಜಾರಿಕೊಂಡು ಹೋಗುತ್ತದೆ. ನೂಲು ಪಾಲಿಯೆಸ್ಟರ್ ಇರಲಿ. ನೇರ ಹೊಲಿಗೆ ಬೇಡ, ಸಣ್ಣ ಜಿಗ್‌ಜಾಗ್. ಹೊಲಿದ ಮೇಲೆ ಎರಡೂ ಕಡೆ ಹಿಡಿದು ಎಳೆದು ನೋಡಿ. ‘ಟಕ್’ ಎಂದು ಸದ್ದು ಬಂದರೆ ಅಲ್ಲೊಂದು ಹೊಲಿಗೆ ಹೋಯಿತು ಎಂದು ಅರ್ಥ. ಕುತ್ತಿಗೆಯ ಹತ್ತಿರ ಲಾಡಿ, ದಾರ, ರಿಬ್ಬನ್ ಏನೂ ಬೇಡ.

ಇನ್ನು ಬಣ್ಣ. ಇದನ್ನು ದಯವಿಟ್ಟು ಓದಿ. ಮೊದಲ ಸಲ ಹೋದಾಗ ಚಿಕ್ಕವಳಿಗೆ ಆಕಾಶನೀಲಿ ಹೊಲಿದಿದ್ದೆ. ಅಂಚಿಗೆ ಬಿಳಿ ಪಟ್ಟಿ. ನೋಡಿದವರೆಲ್ಲ ಚೆಂದ ಎಂದರು. ಅಲೆಗಳ ಕೊಳದಲ್ಲಿ ನನ್ನ ಮೊಣಕಾಲಿನಷ್ಟು ನೀರಿನಲ್ಲಿ ನಿಂತಿದ್ದಳು, ನನ್ನಿಂದ ನಾಲ್ಕು ಹೆಜ್ಜೆ ದೂರ. ಒಂದು ಅಲೆ ಬಂತು. ಅಲೆ ದಾಟಿ ನೋಡಿದರೆ ಅವಳಿಲ್ಲ. ಕೊಳದ ತಳ ನೀಲಿ, ಗೋಡೆ ನೀಲಿ, ನೀರು ನೀಲಿ, ಮೇಲೆ ಬಿಳಿ ನೊರೆ. ನನ್ನ ಕಣ್ಣು ಹುಡುಕುತ್ತಿತ್ತು, ಏನೂ ಸಿಗಲಿಲ್ಲ. ಎರಡೋ ಮೂರೋ ಸೆಕೆಂಡು ಇರಬಹುದು. ಆಮೇಲೆ ಅವಳ ಕಪ್ಪು ಕೂದಲು ಕಂಡಿತು. ಕೂದಲಿಗೇ ಕೈ ಹಾಕಿ ಎತ್ತಿದೆ. ಅವಳು ಕೆಮ್ಮಿದಳು, ಅತ್ತಳು, ಐದು ನಿಮಿಷದಲ್ಲಿ ಮರೆತಳು. ನಾನು ಮರೆಯಲಿಲ್ಲ. ಅವಳು ಬಿದ್ದಾಗ ಒಂದು ಸದ್ದೂ ಬರಲಿಲ್ಲ. ನೀರಿನೊಳಗೆ ಬಾಯಿ ಹೋದ ಮಗು ಕೂಗುವುದಿಲ್ಲ, ಕೂಗಲು ಆಗುವುದಿಲ್ಲ.

ಮನೆಗೆ ಬಂದು ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿದೆ. ಅಂಗಡಿಯ ಚೂರು ಬಟ್ಟೆಗಳನ್ನು ಒಂದೊಂದಾಗಿ ಹಾಕಿ ಕೈಯಿಂದ ಕಲಕಿ ನೋಡಿದೆ. ಆಕಾಶನೀಲಿ, ಬಿಳಿ, ಬೂದಿ ಬಣ್ಣ ಎಲ್ಲ ಮಾಯ. ಕಿತ್ತಳೆ, ಮಿಂಚುವ ಗುಲಾಬಿ ಎರಡೂ ಕಲಕಿದರೂ ಕಂಡವು. ಈಗ ನಮ್ಮ ಮನೆಯ ಮಕ್ಕಳಿಗೆ ನೀರಿಗೆ ಕಿತ್ತಳೆ ಬಣ್ಣ ಮಾತ್ರ. ಅಂಗಡಿಗೆ ಯಾರಾದರೂ ಮಕ್ಕಳ ಈಜುಡುಗೆಗೆ ನೀಲಿ ಕೇಳಿದರೆ ಹೊಲಿದು ಕೊಡುವುದಿಲ್ಲ. ಎರಡು ಗಿರಾಕಿ ಹೋದರು, ಹೋಗಲಿ.

ಚಿನ್ನ, ಗೆಜ್ಜೆ, ಉಡಿದಾರ

ಎಲ್ಲ ಮನೆಯಲ್ಲೇ ತೆಗೆದಿಡಿ. ಅಲ್ಲಿ ತೆಗೆದು ಪರ್ಸಿಗೆ ಹಾಕುತ್ತೇನೆ ಎಂದರೆ ಪರ್ಸಿನ ಚಿಂತೆಯಲ್ಲೇ ದಿನ ಹೋಗುತ್ತದೆ. ಬೆಳ್ಳಿಯ ಉಡಿದಾರ ತೆಗೆಯಲು ಅತ್ತೆ ಒಪ್ಪಲಿಲ್ಲ, ದೃಷ್ಟಿ ತಾಗುತ್ತದೆಯಂತೆ. ಕಪ್ಪು ನೂಲು ಕಟ್ಟುವುದೆಂದು ರಾಜಿಯಾಯಿತು.

ಕೈ ತಪ್ಪಿದರೆ

ಅಂಗಿಯ ಒಳಗೆ, ಕುತ್ತಿಗೆಯ ಹಿಂದೆ ಒಂದು ಬಟ್ಟೆಯ ಲೇಬಲ್ ಹೊಲಿಯಿರಿ. ಅದರ ಮೇಲೆ ಎರಡು ಫೋನ್ ನಂಬರ್, ಒಗೆದರೆ ಹೋಗದ ಮಾರ್ಕರಿನಲ್ಲಿ. ಹೆಸರು ಬರೆಯಬೇಡಿ, ಹೊರಗೆ ಕಾಣುವಂತೆ ಅಂತೂ ಬೇಡವೇ ಬೇಡ. ಹೆಸರು ಹಿಡಿದು ಕರೆದರೆ ಮಗು ಯಾರ ಹಿಂದೆಯೂ ಹೋಗಬಹುದು. ಲೇಬಲ್ ಹೊಲಿಯಲು ಆಗದಿದ್ದರೆ ಮುಂಗೈಯ ಒಳಬದಿಗೆ ಪೆನ್ನಿನಲ್ಲಿ ಬರೆದು ಮೇಲೆ ನೀರು ತಾಗದ ಪಾರದರ್ಶಕ ಬ್ಯಾಂಡೇಜ್ ಅಂಟಿಸಿ. ಒಳಗೆ ಹೋಗುವ ಮೊದಲು ಅಂದಿನ ಬಟ್ಟೆಯಲ್ಲೇ ಒಂದು ಫೋಟೋ ತೆಗೆಯಿರಿ. ಗಾಬರಿಯಲ್ಲಿ ಮಗು ಯಾವ ಬಣ್ಣದ ಚಡ್ಡಿ ಹಾಕಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ.

ಇಷ್ಟು ಎಲ್ಲ ಊರಿನವರಿಗೂ ಅನ್ವಯ. ನಮ್ಮವರಿಗೆ ಒಂದು ಹೆಚ್ಚಿನ ಪಾಠ ಇದೆ. ಮನೆಯಲ್ಲಿ ಕನ್ನಡ, ಅಜ್ಜಿಯ ಹತ್ತಿರ ತುಳು, ಶಾಲೆಯೂ ಕನ್ನಡ ಮಾಧ್ಯಮ. ಹೀಗೆ ಬೆಳೆದ ಮಗುವಿಗೆ ಮಲಯಾಳ ಕೇಳಿದರೆ ಗೊತ್ತಾಗುತ್ತದೆ, ಬಾಯಿ ತೆರೆದು ಹೇಳಲು ಬರುವುದಿಲ್ಲ. ಕಣ್ಣೂರು ಕಡೆಯ ಕಾವಲಿನವರಿಗೆ ಕನ್ನಡ ಬರುವುದಿಲ್ಲ. ಅದಕ್ಕೆ ಒಂದು ವಾರ ಮೊದಲೇ ಮಲಯಾಳದ ಒಂದು ವಾಕ್ಯ ಕಲಿಸಿದೆ: ‘ಅಮ್ಮೇನೆ ಕಾಣುನ್ನಿಲ್ಲ.’ ಅಂದರೆ ‘ಅಮ್ಮ ಕಾಣಿಸುತ್ತಿಲ್ಲ’. ಊಟಕ್ಕೆ ಕೂತಾಗ ನಾನು ಮರೆಯಲ್ಲಿ ನಿಲ್ಲುವುದು, ಅವಳು ಗಟ್ಟಿಯಾಗಿ ಹೇಳುವುದು, ನಾನು ಬರುವುದು. ಆಟದ ಹಾಗೆ. ಸಮವಸ್ತ್ರದವರ ಹತ್ತಿರ, ಅವರು ಕಾಣದಿದ್ದರೆ ಮಕ್ಕಳಿರುವ ಯಾವುದಾದರೂ ಹೆಂಗಸಿನ ಹತ್ತಿರ ಹೋಗಿ ಹೇಳಬೇಕೆಂದು ಕಲಿಸಿದೆ. ಹುಡುಕಿಕೊಂಡು ಹೋಗಬಾರದು, ಅಲ್ಲೇ ನಿಲ್ಲಬೇಕು. ದೇವರ ದಯೆಯಿಂದ ಅಲ್ಲಿ ಬೇಕಾಗಲಿಲ್ಲ. ಆದರೆ ಈಗ ಅಂಗಡಿಯಲ್ಲಿ ನಾನು ಬಟ್ಟೆ ಥಾನಿನ ಹಿಂದೆ ಬಗ್ಗಿದರೂ ಅವಳು ‘ಅಮ್ಮೇನೆ ಕಾಣುನ್ನಿಲ್ಲ’ ಎಂದು ಕೂಗುತ್ತಾಳೆ.

ಆ ದಿನ

ಬೆಳಿಗ್ಗೆ ನೀರುದೋಸೆ, ಬೆಲ್ಲ ಕಾಯಿ. ಎಣ್ಣೆ ತಿಂಡಿ ಬೇಡ. ಹೆಚ್ಚಿನ ಪಾರ್ಕ್‌ಗಳಲ್ಲಿ ಹೊರಗಿನ ಊಟ ಒಳಗೆ ಬಿಡುವುದಿಲ್ಲ. ತೀರಾ ಚಿಕ್ಕ ಮಗುವಿನ ರಾಗಿ ಮಣ್ಣಿಯನ್ನು ಬಿಡುತ್ತಾರಾ ಎಂದು ಫೋನ್ ಮಾಡಿದಾಗಲೇ ಕೇಳಿಡಿ. ಬಾಗಿಲು ತೆರೆಯುವ ಹೊತ್ತಿಗೆ ಗೇಟಿನಲ್ಲಿರಿ. ಮೊದಲ ಒಂದು ಗಂಟೆ ಸಾಲು ಕಡಿಮೆ, ಬಿಸಿಲೂ ಕಡಿಮೆ.

ನೀರಿಲ್ಲದ ಆಟಗಳು ಮೊದಲು, ಊಟ ಆಮೇಲೆ, ಊಟವಾಗಿ ಸ್ವಲ್ಪ ಹೊತ್ತು ನೆರಳು, ಕೊನೆಗೆ ನೀರು. ಹಿಂದುಮುಂದು ಮಾಡಿದರೆ ಒದ್ದೆ ಮಕ್ಕಳನ್ನು ಒರೆಸಿ, ಬಟ್ಟೆ ಬದಲಿಸಿ, ಮತ್ತೆ ಒದ್ದೆ ಮಾಡಿ, ದಿನವೆಲ್ಲ ಬೈರಾಸು (ಟವೆಲ್) ಹಿಂಡುವುದೇ ಕೆಲಸ. ಎರಡು ಬೈರಾಸು ಜಾಸ್ತಿಯೇ ಇರಲಿ. ರಬ್ಬರ್ ಚಪ್ಪಲಿ ಮರೆಯಬೇಡಿ. ಹನ್ನೆರಡು ಗಂಟೆಯ ಮೇಲೆ ಸಿಮೆಂಟ್ ನೆಲ ಕಾವಲಿಯ ಹಾಗೆ ಕಾಯುತ್ತದೆ.

ಯಾವ ಆಟವಾದರೂ ಮೊದಲು ದೂರದಿಂದ ಮೂರು ಸುತ್ತು ನೋಡಲಿ. ಮಗುವೇ ಎಣಿಸಲಿ. ಮೂರನೇ ಸುತ್ತಿಗೆ ಕೈ ಎಳೆದರೆ ಹೋಗಿ. ಕೈ ಗಟ್ಟಿಯಾಗಿ ಹಿಡಿದು ನಿಂತರೆ ಮುಂದಿನದಕ್ಕೆ ನಡೆಯಿರಿ. ‘ನೋಡು, ಆ ಪುಟ್ಟ ಹುಡುಗಿಯೇ ಕೂತಿದ್ದಾಳೆ, ನಿನಗೇನು’ ಎನ್ನುವ ಮಾತು ನಮ್ಮೆಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನುಂಗಿಕೊಳ್ಳಿ.

ನಮ್ಮ ಯಜಮಾನರದ್ದು ಇನ್ನೊಂದು ಕಾಯಿಲೆ, ವಸೂಲಿ. ಟಿಕೆಟಿಗೆ ಇಷ್ಟು ಕೊಟ್ಟಿದ್ದೇವೆ, ಇಷ್ಟು ಆಟಕ್ಕೆ ಇಷ್ಟಾಯಿತು, ಇನ್ನೂ ಆರು ಬಾಕಿ ಎಂದು ಮೊಬೈಲಿನಲ್ಲಿ ಲೆಕ್ಕ. ಚಿಕ್ಕವಳು ಆ ದಿನ ಅತಿ ಹೆಚ್ಚು ಹೊತ್ತು ಕಳೆದದ್ದು ಎಲ್ಲಿ ಗೊತ್ತಾ? ನೆಲದಿಂದ ಚಿಮ್ಮುವ ಒಂದು ಸಣ್ಣ ಕಾರಂಜಿಯ ತೂತನ್ನು ಹಿಮ್ಮಡಿಯಿಂದ ಮುಚ್ಚುವುದು, ಬಿಡುವುದು. ಮುಕ್ಕಾಲು ಗಂಟೆ. ಯಜಮಾನರು ಎರಡು ಸಲ ಎಬ್ಬಿಸಲು ಹೋದರು. ನಾನು ಬೇಡ ಎಂದು ಕಣ್ಣು ಬಿಟ್ಟೆ. ಅವರು ದೊಡ್ಡವನನ್ನು ಕರೆದುಕೊಂಡು ಕೋಸ್ಟರ್ ಕಡೆ ಹೋದರು. ಅವನು ಹೋಗುವ ಮೊದಲು ನನ್ನ ಟೇಪು ಕೇಳಿ ತೆಗೆದುಕೊಂಡ. ಮನೆಯ ಚೌಕಟ್ಟಿನಲ್ಲಿ 123 ಆಗಿತ್ತು, ಆದರೂ ಕಂಬದ ಹತ್ತಿರ ಇನ್ನೊಮ್ಮೆ ಅಳೆದುಕೊಂಡನಂತೆ.

ನೀರಿಗೆ ಇಳಿದ ಮೇಲೆ

ಐದು ವರ್ಷದ ಒಳಗಿನ ಮಗು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ನಾಲ್ಕು ಹೆಜ್ಜೆಯ ಕಥೆ ಮೇಲೆ ಹೇಳಿದೆನಲ್ಲ. ಲೈಫ್‌ಗಾರ್ಡ್ ಇದ್ದಾರೆ ಎಂದು ಬಿಡಬೇಡಿ, ಅವರು ನೋಡುವುದು ನೂರು ತಲೆ. ಗಾಳಿ ತುಂಬಿದ ಬಾತುಕೋಳಿ ರಿಂಗು, ತೋಳಿನ ಬುಗ್ಗೆ ಇವು ಆಟಿಕೆಗಳು, ಕಾಪಾಡುವ ಸಾಮಾನಲ್ಲ. ಲೈಫ್ ಜಾಕೆಟ್ ಕೊಡುತ್ತಾರಾ ಕೇಳಿ. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲದವರೆಗೆ ಬಂದರೆ ಅದು ದೊಡ್ಡದಾಯಿತು, ಬೇರೆ ಕೇಳಿ. ಮಕ್ಕಳನ್ನು ನೋಡುವ ಪಾಳಿ ಹಾಕಿಕೊಳ್ಳಿ: ಈ ಹದಿನೈದು ನಿಮಿಷ ನಾನು, ಮುಂದಿನದ್ದು ನೀವು. ಪಾಳಿಯಲ್ಲಿರುವವರ ಕೈಯಲ್ಲಿ ಫೋನ್ ಇರಬಾರದು. ನಾಲ್ಕು ಜನ ದೊಡ್ಡವರು ಒಟ್ಟಿಗೆ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲ ಎಂದೇ ಲೆಕ್ಕ.

ಅರ್ಧ ಗಂಟೆಗೊಮ್ಮೆ ಹೊರಗೆ ಕರೆಯಿರಿ. ಮಕ್ಕಳ ಸಣ್ಣ ಮೈ ನಮಗಿಂತ ಬೇಗ ತಣ್ಣಗಾಗುತ್ತದೆ. ತುಟಿ ನೀಲಿ, ಹಲ್ಲು ಕಟಕಟ ಎಂದರೆ ವಾದ ಬೇಡ, ಎತ್ತಿ ಹೊರಗೆ ತನ್ನಿ. ಹಾಗೆ ಹೊರಗೆ ಬಂದಾಗಲೇ ನೀರು ಕುಡಿಸಿ, ಉಚ್ಚೆಗೂ ಕರೆದುಕೊಂಡು ಹೋಗಿ. ನೀರಿನಲ್ಲಿದ್ದಾಗ ಬಾಯಾರಿಕೆ ಗೊತ್ತಾಗುವುದಿಲ್ಲ. ಓಆರ್‌ಎಸ್ ಪುಡಿಯ ಪ್ಯಾಕೆಟ್ ಒಂದು ಜೊತೆಗಿರಲಿ. ಎಷ್ಟು ನೀರಿಗೆ ಎಂದು ಪ್ಯಾಕೆಟ್ ಮೇಲೆಯೇ ಇದೆ, ಅಷ್ಟಕ್ಕೇ ಕಲಸಬೇಕು. ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ಸಿಗುವ ಸಿಹಿ ಪಾನೀಯ ಅದಲ್ಲ. ಕಿವಿ ಸೋರುವ ಅಥವಾ ನೆಗಡಿ ಇರುವ ಮಗುವಾದರೆ ಪ್ರವಾಸವನ್ನೇ ಮುಂದೂಡಿ.

ವಾಪಸ್

ಮೂರೂವರೆ ನಾಲ್ಕಕ್ಕೆ ಹೊರಡಿ. ಮಕ್ಕಳು ಇನ್ನೂ ನಗುತ್ತಿರುವಾಗಲೇ. ‘ಇನ್ನೊಂದೇ ಒಂದು’ ಎನ್ನುವ ಆ ಕೊನೆಯ ಆಟದಲ್ಲೇ ಬೀಳುವುದು, ಅಳುವುದು, ಹೊಡೆದುಕೊಳ್ಳುವುದು ಎಲ್ಲ.

ನಾವು ಅಲ್ಲಿಂದ ಪರಶಿನಿ ಮಡಪ್ಪುರಕ್ಕೆ, ಎಂದರೆ ಮುತ್ತಪ್ಪ ದೇವರ ಗುಡಿಗೆ ಹೋದೆವು, ವಳಪಟ್ಟಣಂ ಹೊಳೆಯ ದಡಕ್ಕೆ. ನೀರಿನಿಂದ ಎದ್ದ ಮಕ್ಕಳಿಗೆ ಎಂಥಾ ಹಸಿವು ಎಂದರೆ, ಮುತ್ತಪ್ಪನ ಪ್ರಸಾದವಾಗಿ ಕೊಟ್ಟ ಬೇಯಿಸಿದ ಕಾಳು, ತೆಂಗಿನ ಚೂರು, ಚಹಾ ಎಲ್ಲ ಒಂದು ಚೂರೂ ಬಿಡದೆ ತಿಂದವು. ಪಾರ್ಕ್‌ನಲ್ಲಿ ಕೊಡಿಸಿದ ಫ್ರೈಡ್ ರೈಸ್ ಅರ್ಧ ಬಿಟ್ಟಿದ್ದವು. ಅಲ್ಲಿ ನಾಯಿಗಳು ಆರಾಮವಾಗಿ ಓಡಾಡುತ್ತವೆ, ಮುತ್ತಪ್ಪನ ಜೊತೆಯವು, ಯಾರೂ ಓಡಿಸುವುದಿಲ್ಲ. ನಾಯಿಗೆ ಹೆದರುವ ಮಗುವಿದ್ದರೆ ಎತ್ತಿಕೊಳ್ಳಿ. ಚಿಕ್ಕವಳು ಒಂದು ನಾಯಿಗೆ ತೆಂಗಿನ ಚೂರು ಕೊಟ್ಟಳು. ಅದು ಮೂಸಿ ನೋಡಿ ಬಿಟ್ಟಿತು.

ಮನೆಗೆ ಬಂದ ರಾತ್ರಿಯೇ ಈಜುಡುಗೆಯನ್ನು ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ. ಕ್ಲೋರಿನ್ ಹಾಗೇ ಉಳಿದರೆ ಲೈಕ್ರಾದ ಎಳೆತ ಸತ್ತುಹೋಗುತ್ತದೆ. ಹಿಂಡಬೇಡಿ. ಬೈರಾಸಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ. ಬಿಸಿನೀರು, ಇಸ್ತ್ರಿ ಎರಡೂ ಕೂಡದು. ಚಿಕ್ಕವಳ ಕಿತ್ತಳೆ ಉಡುಗೆಯ ಕಾಲಿಗೂ ತೋಳಿಗೂ ಎರಡೆರಡು ಇಂಚು ಒಳಗೆ ಮಡಿಚಿ ಸಡಿಲವಾಗಿ ಹೊಲಿದಿದ್ದೇನೆ. ಮೊನ್ನೆ ಅಳೆದಾಗ 106 ಆಗಿದ್ದಳು, ಕಾಲಿನದನ್ನು ಒಂದಿಂಚು ಬಿಚ್ಚಿದೆ.